ಸ್ಯಾಂಪಲ್ ಹುಟ್ಟಿದ ಕ್ಷಣವನ್ನು ಹಿಡಿಯುವುದು: ಮೂರು ಕಂಪನ ನೋಡ್‌ಗಳ ಮರುನಿರ್ಮಾಣ

ಬೆಂಗಳೂರಿನ ಪೀಣ್ಯದ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ಬಡಿದಾಗಲೆಲ್ಲ ಗೋಡೆಯಾಚೆಯ ಅಳತೆ ಕೋಣೆಯ ಡಯಲ್ ಗೇಜುಗಳ ಮುಳ್ಳುಗಳು ಅದುರುತ್ತವೆ. ಈ ಕಂಪನ ನೆಲದ ಕಾಂಕ್ರೀಟ್ ಹಾಸಿನಲ್ಲಿ ಹರಿದು ಬರುತ್ತಿದೆಯೋ, ಹಾಸಿನಡಿಯ ಮಣ್ಣಿನಲ್ಲಿ ಸಾಗಿ ಬರುತ್ತಿದೆಯೋ ಎಂಬುದು ಗೊತ್ತಾಗದೆ ಯಾವ ದುರಸ್ತಿಗೂ ಹಣ ಹಾಕುವಂತಿರಲಿಲ್ಲ. ಎರಡನ್ನೂ ಬೇರ್ಪಡಿಸಲು ಒಂದೇ ಸುಲಭ ದಾರಿಯಿದೆ: ಅಲೆಯ ವೇಗವನ್ನು ಅಳೆಯುವುದು. ಗಟ್ಟಿ ಕಾಂಕ್ರೀಟಿನಲ್ಲಿ ಅಲೆಯು ಸೆಕೆಂಡಿಗೆ 3,500ರಿಂದ 4,000 ಮೀಟರ್ ಓಡುತ್ತದೆ; ಮಣ್ಣಿನ ಮೇಲ್ಪದರದಲ್ಲಿ ಸಾಗುವ ಅಲೆ ಸಾಮಾನ್ಯವಾಗಿ 150ರಿಂದ 300 ಮೀಟರ್ ಮಾತ್ರ. ಪರಸ್ಪರ 12 ಮೀಟರ್ ದೂರದಲ್ಲಿಟ್ಟ ಎರಡು ಜಿಯೋಫೋನ್‌ಗಳ (ನೆಲದ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಂವೇದಕಗಳ) ನಡುವೆ ಕಾಂಕ್ರೀಟಿನ ಅಲೆಗೆ 3 ಮಿಲಿಸೆಕೆಂಡ್ ಸಾಕು, ಮಣ್ಣಿನ ಅಲೆಗೆ 60 ಮಿಲಿಸೆಕೆಂಡಿನ ಆಸುಪಾಸು ಬೇಕು. ಕಾಂಕ್ರೀಟಿನ ವೇಗವನ್ನು ನೂರಕ್ಕೆ ಮೂರರ ತಪ್ಪಿನೊಳಗೆ ಹೇಳಬೇಕಾದರೆ ಎರಡು ನೋಡ್‌ಗಳ (ಒಂದೊಂದು ಜಿಯೋಫೋನ್‌ನ ಸಂಕೇತವನ್ನು ಅಳೆದು ಜಾಲಕ್ಕೆ ಕಳಿಸುವ ಪೆಟ್ಟಿಗೆಗಳ) ಸಮಯವು 0.1 ಮಿಲಿಸೆಕೆಂಡಿನೊಳಗೆ ಹೊಂದಿರಬೇಕು.

ಅಲ್ಲಿ ಮೊದಲೇ ಇದ್ದ ಮೂರು ನೋಡ್‌ಗಳ ವ್ಯವಸ್ಥೆಯು ಈ ಕೆಲಸಕ್ಕೆ ಬರುವಂತಿರಲಿಲ್ಲ. ಒಂದನೆಯ ಜಿಯೋಫೋನ್‌ನ ಪಕ್ಕದಲ್ಲೇ ನೆಲಕ್ಕೆ ಸುತ್ತಿಗೆಯಿಂದ ಹೊಡೆದರೆ, 12 ಮೀಟರ್ ದೂರದ ಮೂರನೆಯ ಜಿಯೋಫೋನ್‌ಗೆ ಆ ಪೆಟ್ಟು ಸುಮಾರು 40 ಮಿಲಿಸೆಕೆಂಡ್ ಮೊದಲೇ ತಲುಪಿದಂತೆ ಕಡತದಲ್ಲಿ ದಾಖಲಾಗುತ್ತಿತ್ತು. ಪರಿಣಾಮವು ಕಾರಣಕ್ಕಿಂತ ಮುಂಚೆ ಬಂದಿತ್ತೆಂದರೆ ಭೌತಶಾಸ್ತ್ರವನ್ನು ಅನುಮಾನಿಸಬೇಕಾಗಿಲ್ಲ, ಸಮಯದ ಮುದ್ರೆಯನ್ನು ಯಾರು, ಎಲ್ಲಿ ಒತ್ತುತ್ತಿದ್ದಾರೆ ಎಂದು ನೋಡಿದರೆ ಸಾಕು. ಇಲ್ಲಿ ಅದನ್ನು ಒತ್ತುತ್ತಿದ್ದುದು ಲ್ಯಾಪ್‌ಟಾಪ್: ಪ್ಯಾಕೆಟ್ ಬಂದು ಪೈಥಾನ್ ಪ್ರೋಗ್ರಾಮಿನ ಕೈಗೆ ಸಿಕ್ಕ ಕ್ಷಣದಲ್ಲಿ ಸಿಸ್ಟಂ ಗಡಿಯಾರವನ್ನು ಓದಿ, ಅದನ್ನೇ ಸ್ಯಾಂಪಲ್‌ಗಳ, ಅಂದರೆ ಸಂಕೇತದ ಒಂದೊಂದು ಅಳತೆಯ ಸಮಯವೆಂದು ಬರೆದುಕೊಳ್ಳುತ್ತಿತ್ತು.

ಹೀಗೆ ಬರೆದ ಸಮಯದಲ್ಲಿ ಏನೇನು ಬೆರೆತಿರುತ್ತದೆ ಎಂದು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಸಂಕೇತವನ್ನು ಸಂಖ್ಯೆಯಾಗಿಸುವ ಚಿಪ್ ಎಡಿಸಿ, ಅದರೊಳಗಿನ ಡಿಜಿಟಲ್ ಫಿಲ್ಟರ್‌ನ ವಿಳಂಬ ಮೊದಲನೆಯದು. ಒಂದು ಪ್ಯಾಕೆಟ್‌ಗೆ 50 ಸ್ಯಾಂಪಲ್ ತುಂಬಿಸುವವರೆಗೆ ಕಾಯುವ 50 ಮಿಲಿಸೆಕೆಂಡ್ ಎರಡನೆಯದು. ಅದಾದ ಮೇಲೆ ನೋಡ್‌ನ ನೆಟ್‌ವರ್ಕ್ ಸಾಫ್ಟ್‌ವೇರ್, ಸ್ವಿಚ್‌ನ ಸರದಿ, ಲ್ಯಾಪ್‌ಟಾಪಿನ ಕರ್ನಲ್, ಕೊನೆಗೆ ಪೈಥಾನ್ ಪ್ರೋಗ್ರಾಮಿಗೆ ಪ್ರೊಸೆಸರ್ ಸಿಗುವ ಹೊತ್ತು. ಇವುಗಳಲ್ಲಿ ಕೆಲವು ಸ್ಥಿರವಾದವು, ಕೆಲವು ಪ್ರತಿ ಪ್ಯಾಕೆಟ್‌ಗೂ ಬದಲಾಗುವಂಥವು.

ಆ 40 ಮಿಲಿಸೆಕೆಂಡಿನ ಮೂಲವು ಜಾಲದ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಪ್ರೋಗ್ರಾಮಿನಲ್ಲಿ ಸ್ಪಷ್ಟವಾಗಿ ಕಂಡಿತು. ಮೂರೂ ನೋಡ್‌ಗಳು ಟಿಸಿಪಿಯಲ್ಲಿ, ಅಂದರೆ ತಲುಪಿದ್ದಕ್ಕೆ ಸ್ವೀಕೃತಿ ಪಡೆಯುವ ಕ್ರಮದಲ್ಲಿ ದತ್ತಾಂಶ ಕಳಿಸುತ್ತಿದ್ದವು. ಒಂದನೆಯ ನೋಡ್‌ನ ಫರ್ಮ್‌ವೇರ್ ಹಳೆಯ ಆವೃತ್ತಿಯದು; ಅದು ಮೊದಲು ಚಿಕ್ಕ ಹೆಡರ್ ಅನ್ನೂ ಅನಂತರ ಸ್ಯಾಂಪಲ್‌ಗಳನ್ನೂ ಬೇರೆಬೇರೆಯಾಗಿ ಬರೆಯುತ್ತಿತ್ತು. ಹೆಡರ್ ಕೂಡಲೇ ಹೊರಡುತ್ತದೆ. ಆದರೆ ಚಿಕ್ಕ ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸುವ ನೇಗಲ್ ವಿಧಾನವು, ಹಿಂದಿನದಕ್ಕೆ ಸ್ವೀಕೃತಿ ಬರುವವರೆಗೆ ಎರಡನೆಯ ತುಣುಕನ್ನು ತಡೆದು ನಿಲ್ಲಿಸುತ್ತದೆ. ಅತ್ತ ಲಿನಕ್ಸ್ ಲ್ಯಾಪ್‌ಟಾಪ್, ಸ್ವೀಕೃತಿಯನ್ನು ಒಂಟಿಯಾಗಿ ಕಳಿಸುವ ಬದಲು ಬೇರೇನಾದರೂ ಜೊತೆಗೆ ಕಳಿಸಲು ಸಿಗಬಹುದೆಂದು 40 ಮಿಲಿಸೆಕೆಂಡ್ ಕಾಯುತ್ತದೆ. ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾಯುತ್ತ ಕುಳಿತಾಗ ಒಂದನೆಯ ನೋಡ್‌ನ ದತ್ತಾಂಶ ಅಷ್ಟು ತಡವಾಗುತ್ತಿತ್ತು. ಎಲ್ಲವನ್ನೂ ಒಂದೇ ಬಾರಿಗೆ ಬರೆಯುವ ಹೊಸ ಫರ್ಮ್‌ವೇರ್ ಇದ್ದ ಮೂರನೆಯ ನೋಡ್ ತಡೆಯಿಲ್ಲದೆ ತಲುಪುತ್ತಿತ್ತು.

ನೇಗಲ್ ವಿಧಾನವನ್ನು ನಿಲ್ಲಿಸಲು ಒಂದು ಸಾಲು ಸಾಕು, ಅದರಿಂದ 40 ಮಿಲಿಸೆಕೆಂಡ್ ಮಾಯವಾಗುತ್ತದೆ ಎಂಬುದೂ ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ತಪ್ಪು ಚಿಕ್ಕದಾಗುತ್ತದೆ, ಅದರ ಬೇರು ಉಳಿಯುತ್ತದೆ. ತಲುಪಿದ ಸಮಯವು ಜಾಲದ ಬಗ್ಗೆ ಹೇಳುವ ಮಾತು, ನೆಲದ ಬಗ್ಗೆ ಹೇಳುವ ಮಾತಲ್ಲ. ಆದ್ದರಿಂದ ಮುದ್ರೆ ಒತ್ತುವ ಕೆಲಸವನ್ನೇ ಎಡಿಸಿಯ ಪಕ್ಕಕ್ಕೆ ಒಯ್ಯುವುದೆಂದು ನಿರ್ಧರಿಸಿ ಮೂರೂ ನೋಡ್‌ಗಳನ್ನು ಹೊಸದಾಗಿ ಕಟ್ಟಿದೆ.

ಬಿಡಿಭಾಗಗಳು ಮತ್ತು ಪಿನ್‌ಗಳ ಹಂಚಿಕೆ

ಜಿಯೋಫೋನ್ ಹಳೆಯದೇ, ಎಸ್‌ಎಂ-24. ಇದರ ಸ್ವಾಭಾವಿಕ ಆವೃತ್ತಿ 10 ಹರ್ಟ್ಸ್, ಸುರುಳಿಯ ರೋಧ 375 ಓಮ್, ಸಂವೇದನೆಯು ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ 28.8 ವೋಲ್ಟ್. ಸಮಾಂತರವಾಗಿ 1 ಕಿಲೊಓಮ್ ರೋಧಕ ಹಾಕಿದರೆ ಡ್ಯಾಂಪಿಂಗ್ ಸುಮಾರು 0.69ಕ್ಕೆ ಬಂದು ನಿಲ್ಲುತ್ತದೆ; ಆಗ ಸೆಕೆಂಡಿಗೆ 1 ಮಿಲಿಮೀಟರ್ ಕಂಪನಕ್ಕೆ 21 ಮಿಲಿವೋಲ್ಟ್‌ನಷ್ಟು ಸಿಗುತ್ತದೆ. ಎಡಿಸಿಯಾಗಿ 24 ಬಿಟ್‌ನ ಎಡಿಎಸ್1256 ಬಳಸಿದ್ದೇನೆ. ಇದು 7.68 ಮೆಗಾಹರ್ಟ್ಸ್ ಕ್ರಿಸ್ಟಲ್‌ನಿಂದ ತನ್ನಷ್ಟಕ್ಕೆ ಓಡುತ್ತ, ಸೆಕೆಂಡಿಗೆ 1,000 ಸ್ಯಾಂಪಲ್ ಕೊಡುವಂತೆ ಹೊಂದಿಸಿದೆ. ಪ್ರತಿ ಹೊಸ ಸ್ಯಾಂಪಲ್ ಸಿದ್ಧವಾದಾಗ ಅದರ ಡೇಟಾ ರೆಡಿ ಪಿನ್ ಕೆಳಕ್ಕೆ ಇಳಿಯುತ್ತದೆ. ಇಡೀ ಯೋಜನೆ ನಿಂತಿರುವುದು ಆ ಒಂದು ಅಂಚಿನ ಮೇಲೆ.

ಮೈಕ್ರೊಕಂಟ್ರೋಲರ್ ಎಸ್‌ಟಿಎಂ32ಎಫ್767, ನ್ಯೂಕ್ಲಿಯೊ-144 ಬೋರ್ಡಿನ ಮೇಲಿರುವುದು. ಇದನ್ನು ಆರಿಸಲು ಮುಖ್ಯ ಕಾರಣ, ಇದರ ಈಥರ್ನೆಟ್ ಭಾಗದೊಳಗೆ ಐಇಇಇ 1588, ಅಂದರೆ ಜಾಲದ ಮೂಲಕ ಗಡಿಯಾರಗಳನ್ನು ಹೊಂದಿಸುವ ಪಿಟಿಪಿ ಕ್ರಮಕ್ಕಾಗಿ ಯಂತ್ರಾಂಶದ ಗಡಿಯಾರವಿದೆ. ಪ್ಯಾಕೆಟ್ ತಂತಿಗೆ ಇಳಿಯುವ ಅಥವಾ ತಂತಿಯಿಂದ ಬರುವ ಕ್ಷಣವನ್ನು ಸಾಫ್ಟ್‌ವೇರ್‌ನ ಮಧ್ಯಸ್ಥಿಕೆಯಿಲ್ಲದೆ ಅದು ಗುರುತಿಸಿಕೊಳ್ಳುತ್ತದೆ.

ಈ ಬೋರ್ಡನ್ನು ಹೀಗೆ ಬಳಸುವವರು ಒಂದು ವಿಷಯ ಗಮನಿಸಬೇಕು. ಆರ್ಡುಯಿನೊ ಮಾದರಿಯ ಸಾಲಿನಲ್ಲಿರುವ ಡಿ11, ಅಂದರೆ ಪಿಎ7, ಎಸ್‌ಪಿಐ (ಚಿಪ್‌ಗಳ ನಡುವಿನ ಸರಣಿ ಸಂಪರ್ಕ) ದತ್ತಾಂಶದ ಪಿನ್ನೂ ಹೌದು, ಈಥರ್ನೆಟ್ ಫಿಸಿಕಲ್ ಚಿಪ್‌ಗೆ ಹೋಗುವ ತಂತಿಯೂ ಹೌದು. ಎಡಿಸಿಯನ್ನು ಅಲ್ಲಿಗೆ ಜೋಡಿಸಿದರೆ ಎರಡರಲ್ಲಿ ಒಂದು ಮಾತ್ರ ನಡೆಯುತ್ತದೆ. ಬೋರ್ಡಿನ ಕೈಪಿಡಿಯಲ್ಲಿ ಇದನ್ನು ಬರೆದಿದ್ದಾರೆ, ಜಂಪರ್ ಕೂಡ ಇದೆ. ಆದರೂ ಬೆಸುಗೆ ಹಾಕುವ ಮೊದಲೇ ನೋಡಿಕೊಳ್ಳದಿದ್ದರೆ ತಂತಿಗಳನ್ನು ಕಿತ್ತು ಮತ್ತೆ ಹಾಕುವುದು ತಪ್ಪದು. ನಾನು ಎಡಿಸಿಗೆ ಮೂರನೆಯ ಎಸ್‌ಪಿಐಯನ್ನು, ಪಿಸಿ10, ಪಿಸಿ11, ಪಿಸಿ12 ಪಿನ್‌ಗಳಲ್ಲಿ ಕೊಟ್ಟಿದ್ದೇನೆ. ಡೇಟಾ ರೆಡಿ ತಂತಿಯು ಪಿಎ0ಗೆ, ಅಂದರೆ ಎರಡನೆಯ ಟೈಮರ್‌ನ ಒಂದನೆಯ ಚಾನೆಲ್‌ಗೆ ಹೋಗುತ್ತದೆ. ಪಿಟಿಪಿ ಗಡಿಯಾರವು ಸೆಕೆಂಡಿಗೊಮ್ಮೆ ಕೊಡುವ ಸ್ಪಂದನವು ಪಿಬಿ5ರಲ್ಲಿ ಹೊರಬರುತ್ತದೆ. ಅಲ್ಲಿಂದ ಒಂದು ಗಿಡ್ಡ ತಂತಿಯ ಮೂಲಕ ಪಿಬಿ10ಕ್ಕೆ, ಅದೇ ಟೈಮರ್‌ನ ಮೂರನೆಯ ಚಾನೆಲ್‌ಗೆ ತಂದಿದ್ದೇನೆ. ಸ್ಪಂದನವನ್ನು ಚಿಪ್‌ನ ಒಳಗಿನಿಂದಲೇ ಟೈಮರ್‌ಗೆ ಕೊಡುವ ದಾರಿಯೂ ಇದೆ, ಆದರೆ ಆಸಿಲೊಸ್ಕೋಪ್‌ನ ಮೊನೆಯನ್ನು ಇಡಲು ಒಂದು ಜಾಗ ಇರಲಿ ಎಂಬ ಕಾರಣಕ್ಕೆ ಹೊರಗಿನ ತಂತಿಯೇ ಒಳ್ಳೆಯದೆನ್ನಿಸಿತು.

ಮೂರು ಗಡಿಯಾರಗಳು

ಗಡಿಯಾರಗಳನ್ನು ಹೊಂದಿಸಿದ ಮಾತ್ರಕ್ಕೆ ದತ್ತಾಂಶವೂ ಹೊಂದಿಕೊಂಡಿತು ಎಂಬ ನಂಬಿಕೆ ಸಾಮಾನ್ಯ. ಪಿಟಿಪಿ ಎಂಬ ಹೆಸರು ಕೇಳಿದ ಕೂಡಲೇ ಸಮಸ್ಯೆ ಬಗೆಹರಿಯಿತೆಂದು ಭಾವಿಸುವವರು ಒಂದು ನೋಡ್‌ನೊಳಗೇ ಮೂರು ಬೇರೆ ಬೇರೆ ಕಾಲಗಳು ನಡೆಯುತ್ತಿವೆ ಎಂಬುದನ್ನು ಮರೆಯುತ್ತಾರೆ. ಎಡಿಸಿಯು ತನ್ನ ಕ್ರಿಸ್ಟಲ್‌ನ ಲಯದಲ್ಲಿ ಸ್ಯಾಂಪಲ್ ತೆಗೆಯುತ್ತದೆ. ಪ್ರೊಸೆಸರ್‌ನ ಟೈಮರ್ ಮತ್ತೊಂದು ಕ್ರಿಸ್ಟಲ್‌ನ ಲಯದಲ್ಲಿ ಎಣಿಸುತ್ತದೆ. ಪಿಟಿಪಿ ಗಡಿಯಾರವು ಜಾಲದ ಮುಖ್ಯ ಗಡಿಯಾರವನ್ನು ಹಿಂಬಾಲಿಸುತ್ತದೆ. ಪಿಟಿಪಿ ಸರಿಪಡಿಸುವುದು ಕೊನೆಯದನ್ನು ಮಾತ್ರ. ಎಡಿಸಿಗೆ ಅದರ ಸುಳಿವೂ ಇರುವುದಿಲ್ಲ. ಎರಡು ನೋಡ್‌ಗಳ ಎಡಿಸಿ ಕ್ರಿಸ್ಟಲ್‌ಗಳ ನಡುವೆ ದಶಲಕ್ಷಕ್ಕೆ 30 ಭಾಗದಷ್ಟು ವ್ಯತ್ಯಾಸವಿದ್ದರೆ (ಅಗ್ಗದ ಮಾಡ್ಯೂಲ್‌ಗಳಲ್ಲಿ ಇದೇನೂ ಅಪರೂಪವಲ್ಲ) ಪ್ರತಿ 33 ಸೆಕೆಂಡಿಗೆ ಒಂದು ಸ್ಯಾಂಪಲ್ ಹಿಂದುಮುಂದಾಗುತ್ತದೆ, ಒಂದು ಗಂಟೆಯಲ್ಲಿ 108 ಸ್ಯಾಂಪಲ್. ಎರಡೂ ಕಡತಗಳ ಮೊದಲ ಸ್ಯಾಂಪಲ್‌ಗಳು ಕರಾರುವಾಕ್ಕಾಗಿ ಹೊಂದಿದ್ದರೂ ಗಂಟೆಯ ಕೊನೆಗೆ 0.1 ಸೆಕೆಂಡಿನ ಬಿರುಕು ಬಿಟ್ಟಿರುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಎಡಿಸಿಯ ಕ್ಲಾಕ್ ಅನ್ನೇ ಪಿಟಿಪಿಗೆ ಕಟ್ಟಿಹಾಕಬಹುದು; ಅದಕ್ಕೆ ವೋಲ್ಟೇಜಿನಿಂದ ತಿದ್ದಬಹುದಾದ ಆಸಿಲೇಟರ್ ಬೇಕು, ಅದನ್ನು ನಡೆಸುವ ಸರ್ಕ್ಯೂಟ್ ಬೇಕು. ಅಥವಾ ಎಡಿಸಿಯನ್ನು ಅದರ ಪಾಡಿಗೆ ಓಡಲು ಬಿಟ್ಟು, ಅದು ಯಾವಾಗ ಯಾವ ಸ್ಯಾಂಪಲ್ ಕೊಟ್ಟಿತು ಎಂಬುದನ್ನು ನಿಖರವಾಗಿ ಬರೆದುಕೊಳ್ಳಬಹುದು. ಎರಡನೆಯದನ್ನೇ ಆರಿಸಿದೆ. ದತ್ತಾಂಶವನ್ನು ಅನಂತರ ಕುಳಿತು ಪರಿಶೀಲಿಸುವುದಾದರೆ ಮೊದಲನೆಯದರ ಖರ್ಚಿಗೆ ಅರ್ಥವಿಲ್ಲ.

ಟೈಮರ್ 108 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಅಂದರೆ ಒಂದು ಎಣಿಕೆ 9.26 ನ್ಯಾನೊಸೆಕೆಂಡ್. ಡೇಟಾ ರೆಡಿ ಪಿನ್ ಇಳಿದ ಕೂಡಲೇ ಟೈಮರ್‌ನ ಆ ಹೊತ್ತಿನ ಎಣಿಕೆಯನ್ನು ಯಂತ್ರಾಂಶವೇ ಒಂದು ರಿಜಿಸ್ಟರ್‌ನಲ್ಲಿ ಹಿಡಿದಿಡುತ್ತದೆ. ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ಓಡುವ ತುಣುಕು ಪ್ರೋಗ್ರಾಂ) ಎಷ್ಟು ಮೈಕ್ರೊಸೆಕೆಂಡ್ ತಡವಾಗಿ ಓಡಿದರೂ ರಿಜಿಸ್ಟರ್‌ನಲ್ಲಿರುವ ಸಂಖ್ಯೆ ಬದಲಾಗುವುದಿಲ್ಲ. ಇಂಟರಪ್ಟ್‌ನೊಳಗೆ ನಿಂತು ಗಡಿಯಾರ ಓದುವುದಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು, ಏಕೆಂದರೆ ಈಥರ್ನೆಟ್‌ನ ಇಂಟರಪ್ಟ್ ನಡುವೆ ನುಗ್ಗಿದಾಗ ಮೊದಲ ವಿಧಾನದ ಓದು ಹಲವು ಮೈಕ್ರೊಸೆಕೆಂಡ್ ಜಾರುತ್ತದೆ.

32 ಬಿಟ್‌ನ ಈ ಎಣಿಕೆಯು ಪ್ರತಿ 39.8 ಸೆಕೆಂಡಿಗೊಮ್ಮೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಅದನ್ನು 64 ಬಿಟ್‌ಗೆ ವಿಸ್ತರಿಸಲು ಟೈಮರ್ ತುಂಬಿದಾಗ ಬರುವ ಇಂಟರಪ್ಟ್ ಬಳಸುವುದು ವಾಡಿಕೆ; ಆದರೆ ಡೇಟಾ ರೆಡಿಯ ಅಂಚು ಮತ್ತು ಟೈಮರ್ ತುಂಬುವ ಕ್ಷಣ ಒಟ್ಟಿಗೆ ಬಂದಾಗ ಯಾವುದು ಮೊದಲೆಂದು ತಿಳಿಯದೆ ಒಂದು ಸ್ಯಾಂಪಲ್‌ನ ಸಮಯ 39.8 ಸೆಕೆಂಡ್ ಹಿಂದಕ್ಕೋ ಮುಂದಕ್ಕೋ ಹಾರಿಬಿಡುವ ಸಾಧ್ಯತೆಯಿದೆ. ಅಂಥ ದೋಷ ದಿನಕ್ಕೊಮ್ಮೆ ಬರಬಹುದು, ವಾರಕ್ಕೊಮ್ಮೆ ಬರಬಹುದು. ಹುಡುಕಲು ಹೊರಟಾಗ ಮಾತ್ರ ಬರುವುದಿಲ್ಲ. ಆದ್ದರಿಂದ ಆ ಇಂಟರಪ್ಟನ್ನೇ ಬಿಟ್ಟೆ. ಸ್ಯಾಂಪಲ್ ಪ್ರತಿ ಮಿಲಿಸೆಕೆಂಡಿಗೆ ಬರುತ್ತಿರುವುದರಿಂದ, ಹೊಸದಾಗಿ ಹಿಡಿದ ಎಣಿಕೆ ಹಿಂದಿನದಕ್ಕಿಂತ ಚಿಕ್ಕದಾಗಿದ್ದರೆ ಟೈಮರ್ ಒಮ್ಮೆ ಸುತ್ತಿತು ಎಂದೇ ಅರ್ಥ. ಮೇಲಿನ 32 ಬಿಟ್‌ಗೆ ಒಂದು ಸೇರಿಸಿದರೆ ಮುಗಿಯಿತು. ಸೆಕೆಂಡಿನ ಸ್ಪಂದನದ ಎಣಿಕೆಯನ್ನು ಪ್ರತ್ಯೇಕವಾಗಿ ವಿಸ್ತರಿಸುವುದಿಲ್ಲ. ಕೊನೆಯ ಸ್ಯಾಂಪಲ್‌ನ ಎಣಿಕೆಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಚಿಹ್ನೆಸಹಿತ 32 ಬಿಟ್ ಸಂಖ್ಯೆಯಾಗಿ ತೆಗೆದುಕೊಂಡು, ಆ ಸ್ಯಾಂಪಲ್‌ನ 64 ಬಿಟ್ ಎಣಿಕೆಗೆ ಕೂಡಿಸುತ್ತೇನೆ. ಸ್ಪಂದನ ಸ್ವಲ್ಪ ಮೊದಲು ಬಂದಿದ್ದರೂ ನಂತರ ಬಂದಿದ್ದರೂ ಉತ್ತರ ಸರಿಯಾಗಿಯೇ ಬರುತ್ತದೆ.

ಇದರಿಂದ ಇನ್ನೊಂದು ಉಪಕಾರವಿದೆ. ಅಕ್ಕಪಕ್ಕದ ಎರಡು ಸ್ಯಾಂಪಲ್‌ಗಳ ಎಣಿಕೆಗಳ ನಡುವೆ 1,08,000ದಷ್ಟು ಅಂತರವಿರಬೇಕು. 2,16,000 ಎಂದು ಕಂಡರೆ ಒಂದು ಸ್ಯಾಂಪಲ್ ಕಳೆದುಹೋಗಿದೆ ಎಂದು ಗೊತ್ತಾಗುತ್ತದೆ, ಸ್ಯಾಂಪಲ್ ಕ್ರಮಾಂಕವನ್ನು ಎರಡು ಮುಂದಕ್ಕೆ ಹಾಕಬಹುದು. ತಲುಪಿದ ಸಮಯವನ್ನು ನೆಚ್ಚಿಕೊಂಡ ಹಳೆಯ ವ್ಯವಸ್ಥೆಯಲ್ಲಿ ಕಳೆದುಹೋದ ಸ್ಯಾಂಪಲ್ ಗುರುತೇ ಸಿಗದಂತೆ ಮಾಯವಾಗುತ್ತಿತ್ತು.

ಜಾಲದ ಕಡೆಯ ಕೆಲಸ

ಮುಖ್ಯ ಗಡಿಯಾರವಾಗಿ ಇಂಟೆಲ್ ಐ210 ನೆಟ್‌ವರ್ಕ್ ಕಾರ್ಡ್ ಹಾಕಿದ ಹಳೆಯ ಡೆಸ್ಕ್‌ಟಾಪ್ ಇದೆ. ಅದರಲ್ಲಿ ಪಿಟಿಪಿ ನಡೆಸುವ ಲಿನಕ್ಸ್‌ಪಿಟಿಪಿ ಎಂಬ ಪ್ರೋಗ್ರಾಂ ಓಡುತ್ತದೆ. ತಗಡಿನ ಸೂರಿನಡಿ ಜಿಪಿಎಸ್ ಆಂಟೆನಾ ಎಳೆಯುವ ತಾಪತ್ರಯಕ್ಕೆ ಹೋಗಲಿಲ್ಲ. ಈ ಕೆಲಸಕ್ಕೆ ಸರಿಯಾದ ಸಮಯಕ್ಕಿಂತ ಒಂದೇ ಸಮಯ ಮುಖ್ಯ. ಮೂರೂ ನೋಡ್‌ಗಳು ಒಟ್ಟಾಗಿ ಕಾಲು ಸೆಕೆಂಡ್ ತಪ್ಪಿದ್ದರೂ ಅಲೆಯ ವೇಗದ ಲೆಕ್ಕ ಕೆಡುವುದಿಲ್ಲ. ಒಂದಕ್ಕೊಂದು ಅರ್ಧ ಮಿಲಿಸೆಕೆಂಡ್ ತಪ್ಪಿದರೆ ಕೆಡುತ್ತದೆ. 1960ರ ದಶಕದಲ್ಲಿ ಸ್ಥಾಪನೆಯಾದ ಗೌರಿಬಿದನೂರಿನ ಭೂಕಂಪನ ಅರೇ, ಅಂದರೆ ಹರಡಿಟ್ಟ ಸಂವೇದಕಗಳ ಸಮೂಹದಂಥ ಕಡೆಗಳಲ್ಲಿ ಕಂಪನ ಯಾವ ದಿಕ್ಕಿನಿಂದ ಬಂತೆಂದು ಹೇಳುವುದೂ ಸಂವೇದಕಗಳ ನಡುವಿನ ಇದೇ ಸಾಪೇಕ್ಷ ಅಂತರದಿಂದ. ಆದರೆ ಅಲ್ಲಿನ ದಾಖಲೆಯನ್ನು ಪ್ರಪಂಚದ ಇತರ ಕೇಂದ್ರಗಳೊಂದಿಗೆ ಹೋಲಿಸಬೇಕಾಗುವುದರಿಂದ ನಿಜವಾದ ಸಮಯವೂ ಬೇಕು.

ಪಿಟಿಪಿಯ ಲೆಕ್ಕ ನಾಲ್ಕು ಸಮಯಗಳದ್ದು. ಮುಖ್ಯ ಗಡಿಯಾರದಿಂದ ಸಿಂಕ್ ಸಂದೇಶ ಹೊರಟ ಸಮಯ, ಅದು ನೋಡ್‌ಗೆ ತಲುಪಿದ ಸಮಯ, ನೋಡ್‌ನಿಂದ ವಿಳಂಬದ ವಿಚಾರಣೆ ಹೊರಟ ಸಮಯ, ಅದು ಮುಖ್ಯ ಗಡಿಯಾರಕ್ಕೆ ತಲುಪಿದ ಸಮಯ. ಹೋಗುವ ದಾರಿಯ ಅಂತರದಿಂದ ಬರುವ ದಾರಿಯ ಅಂತರವನ್ನು ಕಳೆದು ಅರ್ಧ ಮಾಡಿದರೆ ನೋಡ್‌ನ ಗಡಿಯಾರ ಎಷ್ಟು ಮುಂದಿದೆ ಎಂಬುದು ಸಿಗುತ್ತದೆ. ಇದರಡಿಯಲ್ಲಿ ಒಂದು ಊಹೆಯಿದೆ: ಹೋಗುವುದಕ್ಕೂ ಬರುವುದಕ್ಕೂ ಹಿಡಿಯುವ ಹೊತ್ತು ಸಮ ಎಂದು. ಆ ಊಹೆ ತಪ್ಪಿದಷ್ಟರ ಅರ್ಧ ಭಾಗ ನೇರವಾಗಿ ಗಡಿಯಾರದ ತಪ್ಪಾಗುತ್ತದೆ, ಎಷ್ಟು ಸರಾಸರಿ ತೆಗೆದರೂ ಅದು ಹೋಗುವುದಿಲ್ಲ.

ನೋಡ್‌ನ ಗಡಿಯಾರವನ್ನು ತಿದ್ದುವುದು ಒಂದು ಸಂಕಲನ ರಿಜಿಸ್ಟರ್‌ನ ಮೂಲಕ. ಪ್ರೊಸೆಸರ್‌ನ 216 ಮೆಗಾಹರ್ಟ್ಸ್‌ನಿಂದ 50 ಮೆಗಾಹರ್ಟ್ಸ್‌ಗೆ ಸಮನಾದ, 20 ನ್ಯಾನೊಸೆಕೆಂಡಿನ ಹೆಜ್ಜೆಗಳನ್ನು ಪಡೆಯಲು ಆ ರಿಜಿಸ್ಟರ್‌ನಲ್ಲಿ 99,42,05,392 ಎಂಬ ಸಂಖ್ಯೆ ಇಡಬೇಕು. ಅದಕ್ಕೆ ಒಂದು ಕೂಡಿಸಿದರೆ ಗಡಿಯಾರದ ವೇಗ ಶತಕೋಟಿಗೆ ಒಂದು ಭಾಗದಷ್ಟು ಹೆಚ್ಚುತ್ತದೆ. ಇಷ್ಟು ನವಿರಾದ ತಿದ್ದುಪಡಿ ಸಿಗುವಾಗ ಗಡಿಯಾರವನ್ನು ಎತ್ತಿ ಹಾಕುವ ಅಗತ್ಯ ಮೊದಲ ಬಾರಿ ಬಿಟ್ಟರೆ ಮತ್ತೆ ಬರುವುದಿಲ್ಲ. ಉಪಸೆಕೆಂಡ್ ರಿಜಿಸ್ಟರನ್ನು ದಶಮಾನ ಕ್ರಮದಲ್ಲಿ, ಅಂದರೆ 99,99,99,999ರ ನಂತರ ಸೆಕೆಂಡ್ ಬದಲಾಗುವಂತೆ ಇಟ್ಟುಕೊಂಡರೆ ಮುಂದಿನ ಲೆಕ್ಕ ಹಗುರ.

ನಿಜವಾದ ತೊಂದರೆ ಸ್ವಿಚ್‌ನಲ್ಲಿತ್ತು. ಡೆಸ್ಕ್‌ಟಾಪ್ ಗಿಗಾಬಿಟ್‌ನಲ್ಲಿ, ನೋಡ್‌ಗಳು 100 ಮೆಗಾಬಿಟ್‌ನಲ್ಲಿ ಒಂದೇ ಸ್ವಿಚ್‌ಗೆ ಸೇರಿದ್ದವು. ಸಾಮಾನ್ಯ ಸ್ವಿಚ್ ಒಂದು ಚೌಕಟ್ಟನ್ನು (ತಂತಿಯ ಮೇಲೆ ಹರಿಯುವ ರೂಪದ ಪ್ಯಾಕೆಟ್ಟನ್ನು) ಪೂರ್ತಿ ಪಡೆದ ಮೇಲೆಯೇ ಮುಂದಕ್ಕೆ ಕಳಿಸುತ್ತದೆ, ಆದರೆ ಪಿಟಿಪಿಯ ಮುದ್ರೆ ಬೀಳುವುದು ಚೌಕಟ್ಟಿನ ಆರಂಭದಲ್ಲಿ. ಯುಡಿಪಿಯಲ್ಲಿ (ಸ್ವೀಕೃತಿಗೆ ಕಾಯದೆ ಕಳಿಸುವ ಕ್ರಮದಲ್ಲಿ) ಸಿಂಕ್ ಸಂದೇಶದ ಚೌಕಟ್ಟು 90 ಬೈಟ್. ಮುಖ್ಯ ಗಡಿಯಾರದಿಂದ ಬರುವಾಗ ಸ್ವಿಚ್ ಅದನ್ನು ಗಿಗಾಬಿಟ್‌ನಲ್ಲಿ 0.72 ಮೈಕ್ರೊಸೆಕೆಂಡಿನಲ್ಲಿ ತುಂಬಿಕೊಳ್ಳುತ್ತದೆ. ನೋಡ್‌ನಿಂದ ಹೊರಟ ಅಷ್ಟೇ ಉದ್ದದ ಚೌಕಟ್ಟನ್ನು ತುಂಬಿಕೊಳ್ಳಲು 100 ಮೆಗಾಬಿಟ್‌ನಲ್ಲಿ 7.2 ಮೈಕ್ರೊಸೆಕೆಂಡ್ ಬೇಕು. ವ್ಯತ್ಯಾಸ 6.48, ಅದರ ಅರ್ಧ 3.24 ಮೈಕ್ರೊಸೆಕೆಂಡ್, ಖಾಯಂ ತಪ್ಪು. ಮೂರೂ ನೋಡ್‌ಗಳಿಗೆ ಇದು ಸಮನಾಗಿ ಬೀಳುವುದರಿಂದ ಪರಸ್ಪರ ಅಂತರದಲ್ಲಿ ಕಾಣುವುದಿಲ್ಲ ನಿಜ, ಆದರೆ ಮುಂದೆ ಯಾರಾದರೂ ಒಂದು ನೋಡನ್ನು ಬೇರೆ ದಾರಿಯಲ್ಲಿ ಜೋಡಿಸಿದರೆ ಕಾರಣ ತಿಳಿಯದೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಡೆಸ್ಕ್‌ಟಾಪಿನ ಕಾರ್ಡ್ ಕೂಡ 100 ಮೆಗಾಬಿಟ್ ಅನ್ನು ಮಾತ್ರ ಘೋಷಿಸುವಂತೆ ಲಿನಕ್ಸ್‌ನ ಇಥ್‌ಟೂಲ್ ಆದೇಶದಿಂದ ಹೊಂದಿಸಿ ಅದನ್ನು ಮುಗಿಸಿದೆ. ಸ್ವಯಂ ಹೊಂದಾಣಿಕೆಯನ್ನು ಪೂರ್ತಿ ನಿಲ್ಲಿಸಬಾರದು. ಹಾಗೆ ಮಾಡಿದರೆ ಸ್ವಿಚ್ ಆ ಕಡೆಯಿಂದ ಅರ್ಧ ಡ್ಯೂಪ್ಲೆಕ್ಸ್‌ಗೆ, ಅಂದರೆ ಒಮ್ಮೆಗೆ ಒಂದೇ ದಿಕ್ಕಿನ ಸಂಚಾರಕ್ಕೆ ಇಳಿದು ಹೊಸ ಗೋಳು ಶುರುವಾಗುತ್ತದೆ.

ಎರಡನೆಯದು ಸರದಿಯ ತೊಂದರೆ. ಅದೇ ಸ್ವಿಚ್‌ನಲ್ಲಿ ದೊಡ್ಡ ಕಡತವೊಂದು ಹರಿಯುತ್ತಿದ್ದರೆ, ಸಿಂಕ್ ಸಂದೇಶವು ಮುಂದಿರುವ ಪೂರ್ಣ ಗಾತ್ರದ ಚೌಕಟ್ಟು ಹೊರಹೋಗುವವರೆಗೆ ಕಾಯಬೇಕು. 100 ಮೆಗಾಬಿಟ್‌ನಲ್ಲಿ ಅದಕ್ಕೆ 123 ಮೈಕ್ರೊಸೆಕೆಂಡ್. ಒಂದೇ ದಿಕ್ಕಿನಲ್ಲಿ ಹೀಗಾದರೆ ಗಡಿಯಾರದ ಲೆಕ್ಕ 61 ಮೈಕ್ರೊಸೆಕೆಂಡ್ ತಪ್ಪುತ್ತದೆ. ಇದನ್ನು ಅಳೆದು ತಿದ್ದಿಕೊಡುವ ಪಿಟಿಪಿ ಸ್ವಿಚ್‌ಗಳು ಇವೆ, ಆದರೆ ಮೂರು ನೋಡ್‌ಗಳಿಗಾಗಿ ಅವುಗಳ ಬೆಲೆ ಕೊಡುವುದು ದುಬಾರಿ. ಸಾಧಾರಣವಾದ ಐದು ಪೋರ್ಟ್‌ಗಳ ಸ್ವಿಚ್ಚೊಂದನ್ನು ಪ್ರತ್ಯೇಕವಾಗಿಟ್ಟು, ಅದಕ್ಕೆ ನೋಡ್‌ಗಳನ್ನೂ ಡೆಸ್ಕ್‌ಟಾಪನ್ನೂ ಬಿಟ್ಟು ಬೇರೇನನ್ನೂ ಸೇರಿಸದಿರುವುದು ಅಗ್ಗವಾದ ಮತ್ತು ಸಾಕಷ್ಟು ಒಳ್ಳೆಯ ಉಪಾಯ. ಹಾಗೆ ಮಾಡಿದ ಮೇಲೆ ಎರಡು ನೋಡ್‌ಗಳ ಸೆಕೆಂಡಿನ ಸ್ಪಂದನಗಳನ್ನು ಆಸಿಲೊಸ್ಕೋಪ್‌ನಲ್ಲಿ ಒಟ್ಟಿಗೆ ಇಟ್ಟು ನೋಡಿದರೆ ಅಂಚುಗಳು ಒಂದು ಮೈಕ್ರೊಸೆಕೆಂಡಿನೊಳಗೆ ಅತ್ತಿತ್ತ ತೂಗಾಡುತ್ತಿದ್ದವು. ನಮಗೆ ಬೇಕಾದ ಮಿತಿಯ ನೂರರಲ್ಲೊಂದು ಪಾಲು ಅದು.

ಪ್ಯಾಕೆಟ್‌ನಲ್ಲಿ ಏನನ್ನು ಕಳಿಸಬೇಕು

ಇಷ್ಟೆಲ್ಲ ಆದ ಮೇಲೆ ನೋಡ್ ತಾನೇ ಲೆಕ್ಕ ಹಾಕಿ ಪ್ರತಿ ಸ್ಯಾಂಪಲ್‌ಗೂ ಗಂಟೆ, ನಿಮಿಷ, ಸೆಕೆಂಡ್ ಅಂಟಿಸಿ ಕಳಿಸಬಹುದಲ್ಲ ಎಂದು ಕೇಳಿದವರಿದ್ದಾರೆ. ಕಳಿಸಬಹುದು, ಆದರೆ ಕಳಿಸಬಾರದು ಎಂಬುದು ನನ್ನ ಅಭಿಪ್ರಾಯ. ಪಿಟಿಪಿ ಇನ್ನೂ ನೆಲೆಗೊಳ್ಳದ ಮೊದಲ ನಿಮಿಷದಲ್ಲಿ, ಅಥವಾ ಮುಖ್ಯ ಗಡಿಯಾರ ಮರುಚಾಲನೆಯಾದಾಗ ಹಾಗೆ ಅಂಟಿಸಿದ ಸಮಯ ತಪ್ಪಾಗಿದ್ದರೆ ಅದನ್ನು ಮತ್ತೆ ಸರಿಪಡಿಸಲು ಯಾವ ಸಾಕ್ಷ್ಯವೂ ಉಳಿಯುವುದಿಲ್ಲ. ಅದಕ್ಕೆ ಬದಲಾಗಿ ಹಸಿ ಎಣಿಕೆಗಳನ್ನೇ ಕಳಿಸುತ್ತೇನೆ. ದತ್ತಾಂಶದ ಪ್ಯಾಕೆಟ್ ಯುಡಿಪಿಯದು. ಅದರಲ್ಲಿ ನೋಡ್ ಸಂಖ್ಯೆ, ಪ್ಯಾಕೆಟ್ ಕ್ರಮಾಂಕ, ಮೊದಲ ಸ್ಯಾಂಪಲ್‌ನ ಕ್ರಮಾಂಕ, ಕೊನೆಯ ಸ್ಯಾಂಪಲ್‌ನ 64 ಬಿಟ್ ಟೈಮರ್ ಎಣಿಕೆ, ಅನಂತರ ತಲಾ ಮೂರು ಬೈಟ್‌ನ 100 ಸ್ಯಾಂಪಲ್‌ಗಳು ಇರುತ್ತವೆ. ಇದರ ಜೊತೆಗೆ ಸೆಕೆಂಡಿಗೊಮ್ಮೆ ಲಂಗರಿನ ಪ್ಯಾಕೆಟ್ ಎಂದು ನಾನು ಕರೆಯುವ ಚಿಕ್ಕದೊಂದು ಹೋಗುತ್ತದೆ: ಪಿಟಿಪಿಯ ಇಂಥ ಸೆಕೆಂಡ್ ಶುರುವಾದಾಗ ಟೈಮರ್ ಎಣಿಕೆ ಇಷ್ಟಿತ್ತು, ಆಗ ಗಡಿಯಾರದ ಅಂದಾಜು ತಪ್ಪು ಇಷ್ಟಿತ್ತು, ಪಿಟಿಪಿ ಈ ಸ್ಥಿತಿಯಲ್ಲಿತ್ತು ಎಂಬುದಷ್ಟೇ ಅದರಲ್ಲಿರುತ್ತದೆ. ಸ್ಥಿತಿ ಸರಿಯಿಲ್ಲವೆಂದು ದತ್ತಾಂಶವನ್ನು ಎಸೆಯುವುದಿಲ್ಲ. ನೆಲೆಗೊಂಡ ನಂತರದ ಲಂಗರುಗಳಿಂದ ಹಿಂದಕ್ಕೆ ಎಳೆದರೆ ಆರಂಭದ ಸ್ಯಾಂಪಲ್‌ಗಳಿಗೂ ಸಮಯ ಸಿಗುತ್ತದೆ.

ಡೆಸ್ಕ್‌ಟಾಪಿನಲ್ಲಿ ಎರಡು ಹಂತ. ಮೊದಲು ಸ್ಯಾಂಪಲ್ ಕ್ರಮಾಂಕ ಮತ್ತು ಟೈಮರ್ ಎಣಿಕೆಗಳ ನಡುವೆ ಒಂದು ಸರಳರೇಖೆ. ಅದರ ಇಳಿಜಾರು ಎಡಿಸಿಯ ನಿಜವಾದ ವೇಗವನ್ನು ಹೇಳುತ್ತದೆ. ಅನಂತರ ಟೈಮರ್ ಎಣಿಕೆ ಮತ್ತು ಪಿಟಿಪಿ ಸಮಯಗಳ ನಡುವೆ ಲಂಗರಿನಿಂದ ಲಂಗರಿಗೆ ತುಂಡು ತುಂಡಾದ ರೇಖೆಗಳು. ಮಧ್ಯಾಹ್ನ ತಗಡು ಕಾದಂತೆ ಕ್ರಿಸ್ಟಲ್‌ಗಳ ವೇಗ ದಶಲಕ್ಷಕ್ಕೆ ಕೆಲವು ಭಾಗ ಬದಲಾಗುವುದು ಈ ಇಳಿಜಾರುಗಳಲ್ಲಿ ನೇರವಾಗಿ ಕಾಣುತ್ತದೆ. ಇಡೀ ದಿನಕ್ಕೆ ಒಂದೇ ರೇಖೆ ಎಳೆದಿದ್ದರೆ ಅದು ತಪ್ಪಾಗಿ ಒಳಗೆ ಸೇರುತ್ತಿತ್ತು. ಕೊನೆಗೆ ಮೂರೂ ನೋಡ್‌ಗಳ ದತ್ತಾಂಶವನ್ನು ಒಂದೇ ಸಮಯದ ಗೆರೆಗಳ ಮೇಲೆ ಮರುಗಣನೆ ಮಾಡಲಾಗುತ್ತದೆ.

ಡೇಟಾ ರೆಡಿಯ ಅಂಚು ಸ್ಯಾಂಪಲ್ ಸಿದ್ಧವಾದ ಕ್ಷಣ, ನೆಲ ಅಲುಗಿದ ಕ್ಷಣವಲ್ಲ. ಎಡಿಎಸ್1256ರ ಒಳಗಿನ ಫಿಲ್ಟರ್, ಸೆಕೆಂಡಿಗೆ 1,000 ಸ್ಯಾಂಪಲ್‌ನ ವೇಗದಲ್ಲಿ 1.18 ಮಿಲಿಸೆಕೆಂಡ್ ಉದ್ದದ ಕಿಟಕಿಯ ಮೂಲಕ ನೋಡುತ್ತದೆ. ಆದ್ದರಿಂದ ಸ್ಯಾಂಪಲ್ ಪ್ರತಿನಿಧಿಸುವುದು ಆ ಕಿಟಕಿಯ ನಡುವನ್ನು, ಅಂಚಿಗಿಂತ ಸುಮಾರು 0.59 ಮಿಲಿಸೆಕೆಂಡ್ ಹಿಂದಿನ ಕ್ಷಣವನ್ನು. ನಾವು ಮೈಕ್ರೊಸೆಕೆಂಡಿಗಾಗಿ ಗುದ್ದಾಡಿದ ಗಡಿಯಾರಕ್ಕೆ ಹೋಲಿಸಿದರೆ ಇದು ನೂರಾರು ಪಟ್ಟು ದೊಡ್ಡದು. ಎಲ್ಲ ನೋಡ್‌ಗಳ ವೇಗ ಒಂದೇ ಆಗಿದ್ದರೆ ಪರಸ್ಪರ ಅಂತರದಲ್ಲಿ ಇದು ಕಳೆದುಹೋಗುತ್ತದೆಂಬ ಕಾರಣಕ್ಕೆ ಬಹಳ ಜನ ಇದನ್ನು ಬರೆಯುವುದೇ ಇಲ್ಲ. ಕಡತದ ತಲೆಬರಹದಲ್ಲಿ ಫಿಲ್ಟರ್‌ನ ವೇಗವನ್ನೂ ಕಳೆದ ವಿಳಂಬವನ್ನೂ ಬರೆದಿಡುವುದು ಕಡ್ಡಾಯವಾಗಬೇಕು.

ಮೇಜಿನ ಮೇಲಿನ ಪರೀಕ್ಷೆ, ಶೆಡ್ಡಿನಲ್ಲಿನ ಅಳತೆ

ಪಿಟಿಪಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ತಪ್ಪಿನ ಅಂದಾಜನ್ನು ನಂಬಿ ಕೂರುವಂತಿಲ್ಲ. ದಾರಿಯ ಅಸಮತೆ ಅದಕ್ಕೆ ಕಾಣುವುದೇ ಇಲ್ಲ. ನಂಬಬಹುದಾದ ಪರೀಕ್ಷೆ ಒಂದೇ: ಎಲ್ಲ ನೋಡ್‌ಗಳಿಗೂ ಒಂದೇ ಸಂಕೇತವನ್ನು ಕೊಟ್ಟು, ಕಡತಗಳಲ್ಲಿಯೂ ಅದು ಒಂದೇ ಸಮಯಕ್ಕೆ ಬಂದಿದೆಯೇ ಎಂದು ನೋಡುವುದು. ಜಿಯೋಫೋನ್‌ಗಳನ್ನು ಬಿಚ್ಚಿ, ಫಂಕ್ಷನ್ ಜನರೇಟರ್‌ನಿಂದ 50 ಹರ್ಟ್ಸ್ ಸೈನ್ ಅಲೆಯನ್ನು ಮೂರಕ್ಕೂ ಕೊಟ್ಟೆ. ಈ ಆವೃತ್ತಿಯಲ್ಲಿ ಒಂದು ಮೈಕ್ರೊಸೆಕೆಂಡ್ ಎಂದರೆ ಹಂತದಲ್ಲಿ 0.018 ಡಿಗ್ರಿ, ಕೆಲವು ನಿಮಿಷಗಳ ದತ್ತಾಂಶವಿದ್ದರೆ ಅದನ್ನು ಬಿಡಿಸಿ ಅಳೆಯುವುದು ಕಷ್ಟವಲ್ಲ. ನೋಡ್‌ಗಳ ನಡುವಿನ ಅಂತರ ಒಂದೆರಡು ಮೈಕ್ರೊಸೆಕೆಂಡಿನಲ್ಲಿತ್ತು. ಸ್ವಿಚ್‌ನ ಪೋರ್ಟ್‌ಗಳನ್ನು ಅದಲುಬದಲು ಮಾಡಿದಾಗ ಆ ಅಂತರ ನೋಡ್‌ನ ಜೊತೆಗೇ ಹೋಯಿತು, ಪೋರ್ಟ್‌ನಲ್ಲಿ ಉಳಿಯಲಿಲ್ಲ. ಅಂದರೆ ಅದು ಇನ್‌ಪುಟ್‌ನ ರೋಧಕ ಮತ್ತು ಕೆಪಾಸಿಟರ್‌ಗಳ ಸಣ್ಣ ವ್ಯತ್ಯಾಸ, ಜಾಲದ್ದಲ್ಲ. ಬಳಿಕ ಬೇಕೆಂದೇ ಒಂದು ನೋಡನ್ನು ಸೆಕೆಂಡಿಗೆ 500 ಸ್ಯಾಂಪಲ್‌ಗೆ ಇಳಿಸಿ, ಫಿಲ್ಟರ್ ವಿಳಂಬದ ತಿದ್ದುಪಡಿಯನ್ನು ತೆಗೆದುಹಾಕಿ ನೋಡಿದೆ. ಆ ವೇಗದಲ್ಲಿ ಕಿಟಕಿ 2.18 ಮಿಲಿಸೆಕೆಂಡ್, ನಿರೀಕ್ಷಿಸಿದಂತೆಯೇ ಆ ನೋಡ್ ಅರ್ಧ ಮಿಲಿಸೆಕೆಂಡ್ ಹಿಂದೆ ಬಿತ್ತು, ತಿದ್ದುಪಡಿ ಮರಳಿಸಿದ ಕೂಡಲೇ ಸಾಲಿಗೆ ಬಂತು.

ಶೆಡ್ಡಿನಲ್ಲಿ ಪ್ರೆಸ್ ನಿಲ್ಲಿಸಿದ್ದ ಹೊತ್ತಿನಲ್ಲಿ ಸುತ್ತಿಗೆಯ ಪೆಟ್ಟುಗಳನ್ನೂ, ಅನಂತರ ಪ್ರೆಸ್ಸಿನ ಪೆಟ್ಟುಗಳನ್ನೂ ದಾಖಲಿಸಿದೆವು. ದೂರದ ಜಿಯೋಫೋನ್‌ನಲ್ಲಿ ಮೊದಲು 3.4 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬಹಳ ಸಣ್ಣ ಏರಿಳಿತವೊಂದು ಕಾಣುತ್ತದೆ. ಅದು ಕಾಂಕ್ರೀಟಿನಲ್ಲಿ ಬಂದದ್ದು. ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ, ನಿಧಾನವಾಗಿ ಉರುಳುವ ಅಲೆ 55 ಮಿಲಿಸೆಕೆಂಡಿನ ಹೊತ್ತಿಗೆ ಬರುತ್ತದೆ. ಸೆಕೆಂಡಿಗೆ ಸುಮಾರು 220 ಮೀಟರ್ ವೇಗ, ಮಣ್ಣಿನದು. ಪ್ರೆಸ್ಸಿನ ಶಕ್ತಿಯೆಲ್ಲ ಈ ಎರಡನೆಯದರಲ್ಲಿ 15 ಹರ್ಟ್ಸ್‌ನ ಸುತ್ತ ಇದೆ. ಅಲ್ಲಿಗೆ ಹಾಸನ್ನು ಕತ್ತರಿಸಿ ಸಂದು ಬಿಡುವ ಯೋಚನೆ ಬಿದ್ದುಹೋಯಿತು. ಕಂದಕದ ಯೋಚನೆಯೂ ನಿಲ್ಲುವುದಿಲ್ಲ: 220 ಮೀಟರ್ ವೇಗಕ್ಕೆ 15 ಹರ್ಟ್ಸ್‌ನಲ್ಲಿ ಅಲೆಯುದ್ದ 14 ಮೀಟರ್ ದಾಟುತ್ತದೆ, ಕಂದಕ ಪರಿಣಾಮಕಾರಿಯಾಗಲು ಅದರ ಅರ್ಧಕ್ಕಿಂತ ಹೆಚ್ಚು ಆಳ ಬೇಕು, ಶೆಡ್ಡಿನ ಗೋಡೆಯ ಪಕ್ಕದಲ್ಲಿ ಏಳೆಂಟು ಮೀಟರ್ ತೋಡಲು ಯಾರೂ ಒಪ್ಪುವುದಿಲ್ಲ. ಉಳಿದದ್ದು ಪ್ರೆಸ್ಸಿನ ಅಡಿಪಾಯವನ್ನೇ ಸ್ಪ್ರಿಂಗ್ ಮತ್ತು ಡ್ಯಾಂಪರ್‌ಗಳ ಮೇಲೆ ಕೂರಿಸುವುದು.

ಕಡತಗಳಲ್ಲಿ ಸಮಯವನ್ನು ಪಿಟಿಪಿ ಬಳಸುವ ಟಿಎಐ, ಅಂದರೆ ಅಂತರರಾಷ್ಟ್ರೀಯ ಪರಮಾಣು ಸಮಯದ ಕ್ರಮದಲ್ಲಿಯೇ ಉಳಿಸಿದ್ದೇನೆ. ಅದು 2017ರ ಜನವರಿ 1ರಿಂದ ಜಗತ್ತಿನ ನಾಗರಿಕ ಸಮಯವಾದ ಯುಟಿಸಿಗಿಂತ 37 ಸೆಕೆಂಡ್ ಮುಂದಿದೆ, ಅಧಿಕ ಸೆಕೆಂಡ್ ಸೇರುವ ಗೊಂದಲ ಅದಕ್ಕಿಲ್ಲ. ಭಾರತೀಯ ಸಮಯಕ್ಕೆ ಪರಿವರ್ತಿಸುವುದು ತೆರೆಯ ಮೇಲೆ ತೋರಿಸುವಾಗ ಮಾತ್ರ. ಪ್ರೆಸ್ಸಿನ ಆಪರೇಟರ್ ತನ್ನ ಪುಸ್ತಕದಲ್ಲಿ ಬರೆದ ಸಮಯಕ್ಕೂ ಕಡತಕ್ಕೂ ಅರ್ಧ ನಿಮಿಷಕ್ಕಿಂತ ಹೆಚ್ಚು ಅಂತರ ಕಂಡವರು ಮೊದಲು ನೋಡಬೇಕಾದ ಜಾಗ ಇದು.

ನಾಲ್ಕನೆಯ ನೋಡ್ ಒಂದು ಬಾಕಿಯಿದೆ. ಪ್ರೆಸ್ಸಿನ ಮೈಮೇಲೆಯೇ ಕೂರಿಸಲು ಅದಕ್ಕೆ ಡಿಜಿಟಲ್ ಅಕ್ಸೆಲೆರೊಮೀಟರ್ ಹಾಕಬೇಕು. ಅದರೊಳಗಿನ ಫಿಲ್ಟರ್ ಬೇರೆ, ಅದರ ಸ್ಯಾಂಪಲ್ ವೇಗ ಬೇರೆ. ಒಂದೇ ವಿದ್ಯುತ್ ಸಂಕೇತವನ್ನು ಅದಕ್ಕೂ ಕೊಟ್ಟು ಹೋಲಿಸುವ ದಾರಿಯೂ ಇಲ್ಲ, ಏಕೆಂದರೆ ಸಂವೇದಕ ಮತ್ತು ಎಡಿಸಿ ಎರಡೂ ಒಂದೇ ಚಿಪ್‌ನೊಳಗಿವೆ. ಜಿಯೋಫೋನ್ ಮತ್ತು ಅಕ್ಸೆಲೆರೊಮೀಟರ್ ಎರಡನ್ನೂ ಒಂದೇ ಉಕ್ಕಿನ ತುಂಡಿಗೆ ಬೋಲ್ಟ್ ಹಾಕಿ, ಆ ತುಂಡನ್ನು ಚಿಕ್ಕ ಸ್ಪೀಕರ್‌ನ ಸುರುಳಿಯಿಂದ ಅಲುಗಿಸಿ, ಜಿಯೋಫೋನ್‌ನ ವೇಗವನ್ನು ವ್ಯುತ್ಪನ್ನ ತೆಗೆದು ವೇಗೋತ್ಕರ್ಷವಾಗಿಸಿ, ಅದರ ಸ್ವಂತ ಹಂತದ ವ್ಯತ್ಯಾಸವನ್ನೂ ಕಳೆದು ಹೋಲಿಸಬೇಕು. ಸ್ಪೀಕರ್ ತಂದಾಗಿದೆ, ಉಕ್ಕಿನ ತುಂಡಿಗೆ ರಂಧ್ರ ಕೊರೆಸುವ ಕೆಲಸ ಬಾಕಿಯಿದೆ.